ಬೇಡಮ್ಮ ಕೊಟ್ಟ ಬಿಡುವು

ಅಮ್ಮನ ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮುಂದೆ ಹಿಡಿದಿದ್ದ ಪಕ್ಕದ ಮನೆಯವರು ಎಡಕ್ಕೆ ಎನ್ನುತ್ತಿದ್ದರು, ಹಿಂದಿದ್ದ ಸೋದರಮಾವ ಬಲಕ್ಕೆ ಎನ್ನುತ್ತಿದ್ದರು, ಗೋಡೆಗೆ ಒತ್ತಿಕೊಂಡು ನಿಂತ ಮಗಳು ಇಬ್ಬರ ಮಾತನ್ನೂ ಬಿಟ್ಟು ಮೇಲಕ್ಕೆ ಎನ್ನುತ್ತಿದ್ದಳು. ಅವಳು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು. ಮೈದಾನಕ್ಕೆಲ್ಲ ಕೇಳುವ ಗಂಟಲು ಈಗ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸಿರಲಿಲ್ಲ. ಹಿಂದಿನ ಮೂಲೆ ಹಿಡಿದಿದ್ದ ಅಪ್ಪನಿಗೆ ಬಿಡಿ ಬಿಡಿ ಎಂದು ಎಷ್ಟು ಹೇಳಿದರೂ ಅವರು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಮುದುಕರು ಹತ್ತಿ ಬಂದರು. ಒಬ್ಬಿಬ್ಬರಲ್ಲ, ಒಂದು ಗುಂಪೇ. ಕಂಬಿ ಹಿಡಿದುಕೊಂಡು, ನಿಂತು ನಿಂತು ಉಸಿರು ಎಳೆದುಕೊಂಡು ಬಂದವರು ಪೆಟ್ಟಿಗೆ ಕಂಡೊಡನೆ ಟೋಪಿ ತೆಗೆದರು. ಅವರಲ್ಲಿ ಒಬ್ಬರನ್ನೂ ಮಗಳು ಹಿಂದೆ ನೋಡಿರಲಿಲ್ಲ.

ಎಲ್ಲರಿಗಿಂತ ಮುಂದಿದ್ದ ದುಂಡು ಮೈಯವರು ಕೋಟಿನ ತೋಳು ಮಡಚಿ, "ಸರೀರಿ, ನಾವು ಹಿಡೀತೀವಿ," ಎಂದರು.

"ಬೇಡ ತಾತ, ತುಂಬ ಭಾರ ಇದೆ. ಕೆಳಗೆ ಕುರ್ಚಿ ಹಾಕಿಸಿದೀನಿ, ಕೂತ್ಕೊಳಿ."

"ಏನೂ ಆಗಲ್ಲ ತಾಯಿ. ಈಗ ನನಗೆ ಬಿಡುವು. ಶಕ್ತಿ ಎಲ್ಲ ವಾಪಸ್ ಬಂದಿದೆ. ಬೇಕಾದ್ರೆ ನಲವತ್ತೆರಡನ್ನ ಕೇಳು."

ಹಿಂದೆ ನಿಂತಿದ್ದ ಉದ್ದನೆಯ ತೆಳ್ಳನೆಯ ಮನುಷ್ಯ ಗಂಭೀರವಾಗಿ ತಲೆಯಾಡಿಸಿದರು. ಹದಿನೇಳು ಹೇಳುತ್ತಿರುವುದು ನಿಜ, ಅವರಿಗೆ ಬಿಡುವು ನಡೆಯುತ್ತಿದೆ, ತನಗೆ ಮಾತ್ರ ಇಂಜೆಕ್ಷನ್ ಇದೆ, ಆದ್ದರಿಂದ ತಾನು ಬರೀ ಕೈ ತಾಗಿಸುತ್ತೇನೆ ಎಂದು ತೀರ್ಪು ಓದಿದಂತೆ ಹೇಳಿದರು. ಮಗಳಿಗೆ ತಲೆಬುಡ ಅರ್ಥವಾಗಲಿಲ್ಲ.

ಹದಿನೇಳು ಎನ್ನಿಸಿಕೊಂಡವರು ಪೆಟ್ಟಿಗೆಯ ಪಕ್ಕದಿಂದ ಹೇಗೋ ನುಸುಳಿ ಹಿಂದಕ್ಕೆ ಹೋದರು. ಅಲ್ಲಿ ಮೂಲೆ ಹಿಡಿದು ಬೆವರುತ್ತಿದ್ದ ಅಪ್ಪನನ್ನು ಕಂಡು ಅವರ ಮುಖ ಅರಳಿತು.

"ಅರೆ, ಐವತ್ತೊಂದು. ನಮಗಿಂತ ಮುಂಚೆನೇ ಬಂದ್ಬಿಟ್ರಾ?"

ಅಪ್ಪನ ಕೈ ಜಾರಿತು. ಪೆಟ್ಟಿಗೆಯ ಮೂಲೆ ಗೇಣುದ್ದ ಕೆಳಗಿಳಿಯಿತು. ಹಾಗೆ ಇಳಿದದ್ದರಿಂದಲೇ ಅದು ತಿರುವಿನಿಂದ ಬಿಡಿಸಿಕೊಂಡು ಸಲೀಸಾಗಿ ಮುಂದಕ್ಕೆ ಸರಿಯಿತು. ಎಲ್ಲರೂ ಅದರ ಹಿಂದೆಯೇ ಇಳಿಯತೊಡಗಿದರು.

"ಅಪ್ಪ," ಎಂದಳು ಮಗಳು, "ಐವತ್ತೊಂದು ಅಂದ್ರೆ ಏನು?"

"ನನ್ನ ವಯಸ್ಸು ಅಂದ್ಕೊಂಡಿರ್ಬೇಕು," ಎಂದರು ಎಂಬತ್ತರ ಹತ್ತಿರ ಬಂದಿದ್ದ ಅಪ್ಪ.

ದುಂಡು ಮೈಯವರು ಮಗಳ ಬಾಯಲ್ಲಿ ಅಪ್ಪ ಎಂಬ ಮಾತು ಕೇಳಿ ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಅವರ ಮುಖ ನೋಡಿದರು, ಆಮೇಲೆ ಪೆಟ್ಟಿಗೆಯನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

*

ಸತ್ತವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬೇಡಮ್ಮ ಎನ್ನುತ್ತಿದ್ದರು. ಆ ಹೆಸರು ಅವರಿಗೂ ಗೊತ್ತಿತ್ತು, ಇಷ್ಟವೂ ಆಗಿತ್ತು.

ಅವರು ಸಂಶೋಧನೆಗೆ ಸೇರಿದ ಕಾಲದಲ್ಲಿ ಲ್ಯಾಬಿನಲ್ಲಿ ಯಾರೂ ಮುಟ್ಟದೆ ಉಳಿದಿದ್ದ ವಿಷಯ ಒಂದೇ: ಗಂಡಸರ ಪ್ರಾಸ್ಟೇಟ್ ಗ್ರಂಥಿ ಮತ್ತು ಅದನ್ನು ಆಡಿಸುವ ಹಾರ್ಮೋನು. ಕೊನೆಗೆ ಸೇರಿದವರಿಗೆ ಕೊನೆಗೆ ಉಳಿದದ್ದು ಸಿಕ್ಕಿತು. ಹೇಳಿಕೊಳ್ಳೋಕೆ ಬೇರೆ ಯಾವ ಗ್ರಂಥಿಯೂ ಸಿಗಲಿಲ್ಲವೇ ಎಂದು ಅವರ ತಾಯಿ ಬಹಳ ದಿನ ಕೊರಗಿದ್ದರು. ಯಾರಾದರೂ ಕೇಳಿದರೆ ಮಗಳು ಹೃದಯದ ಮೇಲೆ ಕೆಲಸ ಮಾಡುತ್ತಾಳೆ ಎಂದು ಹೇಳಿ ಮುಗಿಸುತ್ತಿದ್ದರು.

ಬೇಡಮ್ಮನಿಗೆ ಆ ನಾಚಿಕೆ ಇರಲಿಲ್ಲ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಚಪ್ಪಲಿ ಅಂಗಡಿಯಲ್ಲಿ, ಎಲ್ಲಿ ವಯಸ್ಸಾದ ಗಂಡಸು ಕಂಡರೂ ಮಾತಿಗೆಳೆದು, ರಾತ್ರಿ ಎಷ್ಟು ಸಲ ಏಳುತ್ತೀರಿ, ಮೂತ್ರದ ಧಾರೆ ಹೇಗಿದೆ ಎಂದು ಕೇಳಿಬಿಡುತ್ತಿದ್ದರು. ಕೇಳುವ ರೀತಿ ಹೇಗಿತ್ತೆಂದರೆ, ಮೊದಲು ಕಿವಿಯವರೆಗೆ ಕೆಂಪಾದವರು ಮುಂದಿನ ನಿಲ್ದಾಣದ ಹೊತ್ತಿಗೆ ತಾವಾಗಿಯೇ ಎಲ್ಲ ಹೇಳಿರುತ್ತಿದ್ದರು. ಗಂಡನನ್ನು ಮೊದಲ ಸಲ ಭೇಟಿಯಾದಾಗಲೂ ಹಾಗೆಯೇ. ಅವರು ರೇಡಿಯೋದಲ್ಲಿ ವಾರ್ತೆ ಓದುವವರು. ಎಲ್ಲರೂ ವಾರ್ತೆಯವರು ಎಂದೇ ಕರೆಯುತ್ತಿದ್ದರು. ನಿಮ್ಮ ಕೆಲಸ ಏನು ಎಂದು ಔಪಚಾರಿಕವಾಗಿ ಕೇಳಿದ್ದಕ್ಕೆ ಆಕೆ ಕಾಗದದ ಕರವಸ್ತ್ರದ ಮೇಲೆ ಚಿತ್ರ ಬರೆದು ವಿವರಿಸಿದ್ದರು. ಅಂದು ಸಂಜೆಯ ವಾರ್ತೆಯಲ್ಲಿ ಅವರು ಜೀವನದಲ್ಲೇ ಮೊದಲ ಸಲ ತಡವರಿಸಿದರು. ರೇಡಿಯೋ ಹಚ್ಚಿಕೊಂಡು ಕೂತಿದ್ದ ಆಕೆಗೆ ಅಷ್ಟರಲ್ಲೇ ಮದುವೆ ನಿಶ್ಚಯವಾದಂತೆ ಅನ್ನಿಸಿತಂತೆ.

ಬೇಡಮ್ಮ ಜೀವಮಾನವಿಡೀ ಹಿಡಿದುಕೊಂಡಿದ್ದ ಪ್ರಶ್ನೆ ಒಂದೇ. ಪ್ರಾಸ್ಟೇಟ್ ಕ್ಯಾನ್ಸರು ಗಂಡು ಹಾರ್ಮೋನನ್ನು ತಿಂದು ಬೆಳೆಯುತ್ತದೆ. ಇಂಜೆಕ್ಷನ್ ಕೊಟ್ಟು ಹಾರ್ಮೋನು ನಿಲ್ಲಿಸಿದರೆ ಕ್ಯಾನ್ಸರು ಮುದುಡುತ್ತದೆ. ಆದರೆ ಜೊತೆಗೆ ಮನುಷ್ಯನೂ ಮುದುಡುತ್ತಾನೆ. ತೋಳಿನ ಕಸುವು ಹೋಗುತ್ತದೆ, ಹಾಸಿಗೆಯ ಆಸೆ ಹೋಗುತ್ತದೆ, ಇದ್ದಕ್ಕಿದ್ದಂತೆ ಮೈ ಕಾದು ಬೆವರಿಳಿಯುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಹಾಗಿದ್ದರೆ ಇಂಜೆಕ್ಷನ್ನನ್ನು ಸಾಯುವವರೆಗೆ ಎಡೆಬಿಡದೆ ಕೊಡಲೇಬೇಕೇ? ಕ್ಯಾನ್ಸರು ಸುಮ್ಮನಿರುವಾಗ ನಿಲ್ಲಿಸಿ, ರಕ್ತ ನೋಡುತ್ತಿದ್ದು, ಅದು ಮತ್ತೆ ತಲೆಯೆತ್ತಿದಾಗ ಶುರು ಮಾಡಿದರೆ ಆಗದೇ? ಕೆಲವರಿಗೆ ಆಗುವುದಿಲ್ಲ ಎಂಬುದನ್ನೂ ಅವರ ಅಧ್ಯಯನ ತೋರಿಸಿತು. ಆದರೆ ಅನೇಕರಿಗೆ ಆಯಿತು. ಅವರಿಗೆ ನಡುನಡುವೆ ತಿಂಗಳುಗಟ್ಟಲೆ ತಮ್ಮ ಮೈ ತಮಗೆ ವಾಪಸ್ ಸಿಗುತ್ತಿತ್ತು. ಬೇಡಮ್ಮ ಅದಕ್ಕೆ ಬಿಡುವು ಎಂದು ಹೆಸರಿಟ್ಟಿದ್ದರು. ಗುಟ್ಟು ಕಾಯಲೆಂದು ಪ್ರತಿಯೊಬ್ಬರಿಗೂ ಒಂದು ನಂಬರು ಇತ್ತು. ವರ್ಷಗಳು ಕಳೆದಂತೆ ಮುದುಕರು ತಮ್ಮತಮ್ಮಲ್ಲಿ ಆ ನಂಬರಿನಿಂದಲೇ ಕರೆದುಕೊಳ್ಳತೊಡಗಿದ್ದರು.

*

ಅಂಗಳದಲ್ಲಿ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಳಿಸಿ ಸುತ್ತ ಕುರ್ಚಿ ಹಾಕಿದ್ದರು. ಬಿಸಿಲು ಬಿದ್ದಿದ್ದರೂ ಗಾಳಿ ತಣ್ಣಗಿತ್ತು. ಮಗಳು ಚಹಾದ ಲೋಟ ಹಂಚುವ ನೆಪದಲ್ಲಿ ಮುದುಕರ ಸಾಲಿಗೆ ಬಂದಳು. ದುಂಡು ಮೈಯ ಹದಿನೇಳು ಬೇಕರಿ ಇಟ್ಟುಕೊಂಡಿದ್ದವರೆಂದೂ, ನಲವತ್ತೆರಡು ನಿವೃತ್ತ ನ್ಯಾಯಾಧೀಶರೆಂದೂ ಅಷ್ಟರಲ್ಲಿ ತಿಳಿದಿತ್ತು. ತಾಯಿಯ ಅಧ್ಯಯನದಲ್ಲಿ ಇದ್ದ ರೋಗಿಗಳು ಇವರು ಎಂಬುದೂ ಅರ್ಥವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ.

"ಐವತ್ತೊಂದು ಯಾರು?" ಎಂದು ನ್ಯಾಯಾಧೀಶರನ್ನೇ ಕೇಳಿದಳು.

"ಆ ಪ್ರಶ್ನೆಗೆ ಉತ್ತರ ಕೊಡೋಕೆ ಬರಲ್ಲಮ್ಮ."

"ನಮ್ಮಪ್ಪನಾ?"

"ಅದಕ್ಕೂ ಬರಲ್ಲ," ಎಂದು ನ್ಯಾಯಾಧೀಶರು ಚಹಾ ಊದಿಕೊಂಡರು.

ಬೇಕರಿಯವರು ಆಕಾಶ ನೋಡುತ್ತಿದ್ದರು. ಮಾತು ಬೇರೆಡೆ ತಿರುಗಿಸಬೇಕೆಂದು ಅವರು ತಮ್ಮ ಕತೆಯನ್ನೇ ಶುರು ಮಾಡಿದರು. ಹೆಂಡತಿಗೆ ಐವತ್ತು ದಾಟಿದಾಗ ಮೈ ಕಾಯುತ್ತದೆ, ಕಿಟಕಿ ತೆಗೀರಿ ಎಂದು ಒದ್ದಾಡುತ್ತಿದ್ದಳಂತೆ. ಎಲ್ಲ ನಾಟಕ ಎಂದು ತಾವು ಗದರುತ್ತಿದ್ದರಂತೆ. ಮೊದಲ ಇಂಜೆಕ್ಷನ್ ಆದ ಮೇಲೆ ಚಳಿಗಾಲದಲ್ಲಿ ತಾವೇ ಅಂಗಿ ಬಿಚ್ಚಿ ಹಿಟ್ಟಿನ ಮೂಟೆಯ ಪಕ್ಕ ಕೂತು ಬೀಸಣಿಗೆ ಬೀಸಿಕೊಂಡಾಗ ಹೆಂಡತಿ ಬಂದು ಏನೂ ಮಾತಾಡದೆ ಕಿಟಕಿ ತೆಗೆದು ಹೋದಳಂತೆ. "ಆವತ್ತು ಅವಳು ನನ್ನನ್ನ ನೋಡಿದ ನೋಟ ಇದೆಯಲ್ಲ ತಾಯಿ," ಎಂದು ಬೇಕರಿಯವರು ಹೊಟ್ಟೆ ಹಿಡಿದುಕೊಂಡರು, "ಅದಕ್ಕಿಂತ ಇಂಜೆಕ್ಷನ್ನೇ ವಾಸಿ."

ಸಾಲಿಗೆ ಸಾಲೇ ನಕ್ಕಿತು. ಸೋದರಮಾವ ದೂರದಿಂದ ಮುಖ ಗಂಟಿಕ್ಕಿ ನೋಡಿದರು. ಆದರೆ ನಗು ಅಲ್ಲಿಗೆ ನಿಲ್ಲಲಿಲ್ಲ, ಏಕೆಂದರೆ ಆಗಲೇ ಯಂತ್ರ ಮಾರುವವನು ಬಂದಿದ್ದ.

ಅವನು ಆಸ್ಪತ್ರೆಗಳಿಗೆ ಪರೀಕ್ಷೆಯ ಯಂತ್ರ ಮಾರುವವನು. ಕಾಲರು, ಟೈ, ಹೊಳೆಯುವ ಬೂಟು, ಆದರೆ ಕೆನ್ನೆಯ ಮೇಲೆ ಕಣ್ಣೀರು. ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು ಬಂದು ಮಗಳ ಎದುರು ಕುರ್ಚಿ ಎಳೆದುಕೊಂಡ.

"ನಿಮ್ಮ ತಾಯಿ ನನಗೆ ಎರಡು ಸಲ ಬೇಡ ಅಂದಿದ್ರು," ಎಂದ. "ಮೂರನೇ ಸಲ ಬೇಕು ಅಂದ್ರು. ನಮ್ಮ ಕಸುಬಿನಲ್ಲಿ ಅದನ್ನ ಹೇಳಿದ್ರೆ ಯಾರೂ ನಂಬಲ್ಲ."

*

ಹೊಸ ಯಂತ್ರಗಳನ್ನು ಕೊಳ್ಳುವ ಮುನ್ನ ತೂಗಿ ನೋಡುವ ಸಮಿತಿಯೊಂದು ಆಸ್ಪತ್ರೆಯಲ್ಲಿತ್ತು. ಬುಧವಾರ ಅದರ ಸಭೆ. ಬೇಡಮ್ಮ ಅಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು, ಯಂತ್ರ ಎಷ್ಟು ಚೆಂದ ಎಂದು ಮಾರುವವರು ಹೇಳಿ ಮುಗಿಸುವವರೆಗೆ ಕಾದು, ಇದರಿಂದ ರೋಗಿಗೆ ಏನು ಬದಲಾಗುತ್ತದೆ ಎಂದು ಕೇಳುತ್ತಿದ್ದರು. ಉತ್ತರ ಬರದಿದ್ದರೆ ಬೇಡ ಎನ್ನುತ್ತಿದ್ದರು. ಬಹಳ ಸಲ ಉತ್ತರ ಬರುತ್ತಿರಲಿಲ್ಲ.

ಇವನ ಯಂತ್ರ ಒಂದು ಪುಟ್ಟ ಪೆಟ್ಟಿಗೆ. ಬೆರಳಿನಿಂದ ಒಂದು ಹನಿ ರಕ್ತ ಹಾಕಿದರೆ ಚಹಾ ಕುಡಿಯುವಷ್ಟರಲ್ಲಿ ಗಂಡು ಹಾರ್ಮೋನು ಎಷ್ಟಿದೆ ಎಂದು ಹೇಳುತ್ತದೆ. ಸಮಿತಿಯವರೆಲ್ಲ ಮಾರುಹೋಗಿದ್ದರು. ಬೇಡಮ್ಮ ರಕ್ತ ತುಂಬಿದ ಕೆಲವು ಸೀಸೆಗಳನ್ನು ತಂದು ಇವನ್ನು ಹಾಕಿ ನೋಡಿ ಎಂದರು. ಮೊದಲಿನವುಗಳ ಲೆಕ್ಕ ಸರಿಯಾಗಿಯೇ ಬಂತು. ಕೊನೆಯ ಸೀಸೆಯ ಉತ್ತರ ಬಂದಾಗ ಅವನು ಹೆಮ್ಮೆಯಿಂದ, ಇದು ಯಾರೋ ಗಟ್ಟಿಮುಟ್ಟಾದ ಯುವಕನದ್ದು ಎಂದು ಸಾರಿದ.

"ಧನ್ಯವಾದ," ಎಂದರು ಬೇಡಮ್ಮ. "ಅದು ನನ್ನದು."

ಸಮಿತಿಯ ಅಧ್ಯಕ್ಷರು ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದವರು ಸ್ವಲ್ಪ ಹೊತ್ತು ಮೇಲೇಳಲಿಲ್ಲ.

ಅವಮಾನದಿಂದ ಯಂತ್ರ ಕಟ್ಟಿಕೊಂಡು ಹೊರಟವನನ್ನು ಬೇಡಮ್ಮ ಕಾರಿಡಾರಿನಲ್ಲಿ ನಿಲ್ಲಿಸಿದರು. ಹೆಂಗಸರ ರಕ್ತದಲ್ಲೂ ಆ ಹಾರ್ಮೋನು ಚೂರು ಇರುತ್ತದೆ, ಇಂಜೆಕ್ಷನ್ ತೆಗೆದುಕೊಂಡ ಗಂಡಸಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಷ್ಟು ಕಡಿಮೆ ಇದ್ದಾಗ ನಿನ್ನ ಯಂತ್ರ ಅದರಂತೆಯೇ ಕಾಣುವ ಬೇರೆ ಯಾವುದನ್ನೋ ಹಿಡಿದು ಎಣಿಸುತ್ತಿದೆ ಎಂದು ವಿವರಿಸಿದರು. ಅವನು, ಬೇಡ ಅನ್ನುವುದು ನಿಮಗೆ ಸುಲಭ ಮೇಡಂ ಎಂದುಬಿಟ್ಟ.

ಬೇಡಮ್ಮ ಅವನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಕೆಳಗೆ ಹೊರರೋಗಿ ವಿಭಾಗದ ಬಾಗಿಲಲ್ಲಿ ಮುದುಕರು ಬೆಂಚು ತುಂಬ ಕೂತಿದ್ದರು. ಒಂದು ರಕ್ತ ಪರೀಕ್ಷೆಗಾಗಿ ಹಗಲಿಡೀ ಬಸ್ಸಿನಲ್ಲಿ ಕೂತು ಬಂದವರು.

"ಅವರ ಊರಲ್ಲೇ ಇದು ಆದ್ರೆ ಅಷ್ಟು ದೂರ ಬರೋದು ತಪ್ಪುತ್ತೆ," ಎಂದರು. "ನನಗೆ ನಿನ್ನ ಯಂತ್ರ ಬೇಕು ಕಣಪ್ಪ. ಸುಳ್ಳು ಹೇಳದೆ ಇರೋದು ಬೇಕು. ಶನಿವಾರ ಬಾ, ಇಬ್ಬರೂ ಕೂತು ನೋಡೋಣ."

ಅವನು ಶನಿವಾರ ಬಂದ. ಆಮೇಲೆ ಎಷ್ಟೋ ಶನಿವಾರ ಬಂದ. ಮತ್ತೆ ತಂದು ತೋರಿಸಿದಾಗಲೂ ಬೇಡ ಎಂದರು, ಆದರೆ ಆ ಸಲ ಸಣ್ಣ ದನಿಯಲ್ಲಿ. ಮೂರನೆಯ ಸಲ ಯಂತ್ರ ಆಕೆಯ ರಕ್ತ ನೋಡಿ, ಇದು ಹೆಂಗಸಿನದೋ ಅಥವಾ ಇಂಜೆಕ್ಷನ್ ಆದ ಗಂಡಸಿನದೋ ಇರಬೇಕು ಎನ್ನುವಷ್ಟೇ ತೋರಿಸಿತು. ಬೇಡಮ್ಮ ಎದ್ದು ನಿಂತು ಬೇಕು ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಈಗ ಆ ಯಂತ್ರ ಎಷ್ಟೋ ಸಣ್ಣ ಊರುಗಳ ಆಸ್ಪತ್ರೆಯಲ್ಲಿದೆ. ಅದರ ಮೇಲೆ ಎಲ್ಲೂ ಬೇಡಮ್ಮನ ಹೆಸರಿಲ್ಲ.

*

ಮಣ್ಣು ಮಾಡುವ ಜಾಗ ಗುಡ್ಡದ ಮೇಲಿತ್ತು. ಗಾಡಿ ಪೆಟ್ಟಿಗೆ ಹೊತ್ತು ನಿಧಾನವಾಗಿ ಏರಿತು. ಉಳಿದವರು ನಡೆದು ಹೋಗುವುದೆಂದಾಯಿತು. ಅರ್ಧ ದಾರಿಯಲ್ಲಿ ಕಲ್ಲಿನ ಬೆಂಚು ಇತ್ತು. ವಾರ್ತೆಯವರು ಸುಸ್ತಾಗಿ ಕೂತರು. ಮಗಳು ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. ಮುದುಕರ ಗುಂಪು ಬೇಕೆಂದೇ ಹಿಂದುಳಿದು, ದಾರಿಬದಿಯ ಹೂವಿನ ಗಿಡವೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಿತ್ತು.

"ಅಪ್ಪ, ನಿಮಗೆ ಕ್ಯಾನ್ಸರಾ?"

ವಾರ್ತೆಯವರು ಹೌದು ಎಂದರು. ಈಗಿನದಲ್ಲ, ಬಹಳ ವರ್ಷದಿಂದ ಇದೆ, ಹೆದರುವಂಥದ್ದೇನಿಲ್ಲ, ಚೆನ್ನಾಗಿಯೇ ಇದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದರು.

"ಅಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಊರಿಗೆಲ್ಲ ಸುದ್ದಿ ಹೇಳೋರು ನೀವು."

"ಅದು ಬೇರೆಯವರ ಸುದ್ದಿ," ಎಂದರು ವಾರ್ತೆಯವರು. "ಅವಳು ಇಡೀ ದಿನ ಅಂಥ ಗಂಡಸರನ್ನ ನೋಡಿ ಮನೆಗೆ ಬರ್ತಿದ್ಲು. ಬಾಗಿಲು ತೆಗೆದ್ರೆ ಅಲ್ಲೂ ಒಬ್ಬ ರೋಗಿ ನಿಂತಿರ್ಬೇಕಾ? ಮನೇಲಿ ನಾನು ಗಂಡ ಆಗಿರ್ಬೇಕಿತ್ತು."

*

ಊರಿನ ಇನ್ನೊಂದು ತುದಿಯ ಡಾಕ್ಟರು ರೋಗ ಪತ್ತೆ ಮಾಡಿ, ಇದಕ್ಕೆ ಒಳ್ಳೆಯ ಅಧ್ಯಯನವೊಂದು ನಡೆಯುತ್ತಿದೆ, ಅಲ್ಲಿಗೆ ಸೇರಿ ಎಂದಾಗ ವಾರ್ತೆಯವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಹೆಂಡತಿಯ ಕೆಲಸದ ಮೇಲೆ ಇದ್ದಷ್ಟು ನಂಬಿಕೆ ಅವರಿಗೆ ಬೇರೆ ಯಾರ ಕೆಲಸದ ಮೇಲೂ ಇರಲಿಲ್ಲ. ಬುಧವಾರ ಆಕೆ ಸಮಿತಿಯ ಸಭೆಯಲ್ಲಿರುತ್ತಾಳೆ, ರೋಗಿಗಳನ್ನು ಅಂದು ಸಹಾಯಕಿ ನೋಡುತ್ತಾಳೆ ಎಂಬುದನ್ನು ಊಟದ ಮಾತಿನಲ್ಲಿ ಹುಷಾರಾಗಿ ತಿಳಿದುಕೊಂಡರು. ಆ ಸಹಾಯಕಿಯ ಕಾಲಿಗೆ ಬೀಳುವುದೊಂದು ಬಾಕಿ. ಮೇಡಂಗೆ ಹೇಳಬೇಡಿ ಎಂದು ಬೇಡಿಕೊಂಡರು. ರೋಗಿ ಯಾರೆಂದು ಯಾರಿಗೂ ಹೇಳದಿರುವುದು ನಿಯಮವೇ ಆಗಿದ್ದರಿಂದ ಅವಳು ಒಪ್ಪಿದಳು. ಮನೆಯಲ್ಲಿ, ನಿವೃತ್ತ ವಾರ್ತಾ ಓದುಗರ ತಿಂಗಳ ಸಭೆ ಎಂದು ಹೇಳಿದರು. ಆ ಊರಿನಲ್ಲಿ ನಿವೃತ್ತ ವಾರ್ತಾ ಓದುಗರು ಅವರನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ.

ಕತ್ತಿಗೆ ಮಫ್ಲರ್ ಸುತ್ತಿ, ಟೋಪಿ ಹಣೆಯವರೆಗೆ ಎಳೆದುಕೊಂಡು ಹೋಗುತ್ತಿದ್ದರು. ಧ್ವನಿ ಗುರುತು ಸಿಗಬಾರದೆಂದು ಬೆಂಚಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಐವತ್ತೊಂದು ಪಾಪ ಮೂಗನಿರಬೇಕು ಎಂದು ಬೇಕರಿಯವರು ಬಹಳ ದಿನ ನಂಬಿದ್ದರು.

ಇಂಜೆಕ್ಷನ್ನಿನ ತಿಂಗಳುಗಳು ಕಷ್ಟದವು. ಆದರೆ ಮನೆಯಲ್ಲಿ ಹೇಗೋ ಎಲ್ಲ ಒದಗಿ ಬರುತ್ತಿತ್ತು. ಮೈ ಕಾಯುವ ಹೊತ್ತಿಗೆ ಹಾಸಿಗೆಯ ಪಕ್ಕಕ್ಕೆ ಒಂದು ಫ್ಯಾನು ಬಂತು. ನನಗೆ ಸೆಕೆ ಎಂದು ಬೇಡಮ್ಮ ಹೇಳಿದರು. ದಪ್ಪ ಹೊದಿಕೆ ಹೋಗಿ ತೆಳ್ಳನೆಯದು ಬಂತು. ಅಂಗಡಿಯಲ್ಲಿ ಇದೇ ಇದ್ದದ್ದು ಎಂದರು. ಸಂಜೆ ಇಬ್ಬರೂ ಭಾರ ಎತ್ತುವ ವ್ಯಾಯಾಮ ಮಾಡೋಣ, ನನ್ನ ಮೂಳೆ ಸವೆಯುತ್ತಿದೆ ಎಂದರು. ವಾರ್ತೆಯವರು ಪ್ರತಿ ಸಲವೂ ತಮ್ಮ ಅದೃಷ್ಟಕ್ಕೆ ತಾವೇ ಬೆರಗಾದರು.

ಮೊದಲ ಬಿಡುವು ಸಿಕ್ಕಿ ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವರು ಎದ್ದಾಗ ಮೈ ಹಗುರಾಗಿತ್ತು. ಅಡುಗೆಮನೆಯಲ್ಲಿ ಬೇಡಮ್ಮ ಬ್ರೆಡ್ ಕೊಯ್ಯುತ್ತಿದ್ದರು. ಅವರ ಕತ್ತಿನ ಹಿಂದೆ ಕೂದಲು ಬಿಚ್ಚಿಕೊಂಡು ಬಿದ್ದಿತ್ತು. ವಾರ್ತೆಯವರು ಹಿಂದಿನಿಂದ ಬಂದು ಅಲ್ಲಿ ಮುತ್ತಿಟ್ಟರು. ಎಷ್ಟೋ ಕಾಲದಿಂದ ಆ ಆಸೆಯೇ ಹುಟ್ಟಿರಲಿಲ್ಲ.

"ಏನು ಸಮಾಚಾರ?" ಎಂದರು ಬೇಡಮ್ಮ, ತಿರುಗದೆ. ಆಮೇಲೆ ಚಾಕು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ವಾರವೇ ರಜೆ ಹಾಕಿ ಇಬ್ಬರೂ ಸಮುದ್ರಕ್ಕೆ ಹೋದರು. ಅಲ್ಲಿ ವಾರ್ತೆಯವರು ಪ್ಯಾಂಟು ಮಡಚಿಕೊಂಡು ಅಲೆಯ ಜೊತೆ ಓಡಿದರು, ಬಿದ್ದರು, ಮತ್ತೆ ಓಡಿದರು. ಬೇಡಮ್ಮ ಮರಳಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದರು, ಪುಸ್ತಕ ತೆರೆದದ್ದು ತೆರೆದೇ ಇತ್ತು.

*

"ಅವಳಿಗೆ ಕೊನೆವರೆಗೂ ಗೊತ್ತಾಗ್ಲಿಲ್ಲ," ಎಂದರು ವಾರ್ತೆಯವರು. "ಅದೊಂದು ಕೊರಗು. ಹೇಳ್ಬೇಕಿತ್ತೋ ಏನೋ."

ಬೆಂಚಿನ ಹಿಂದೆ ಯಾರೋ ಕೆಮ್ಮಿದರು. ಲ್ಯಾಬಿನ ನಿರ್ದೇಶಕಿ ನಿಂತಿದ್ದರು. ಅಂದಿನ ಸಹಾಯಕಿ ಅವರೇ. ತಲೆ ಬೆಳ್ಳಗಾಗಿ, ದೊಡ್ಡ ಹುದ್ದೆಗೆ ಏರಿದ್ದರೂ ಬೇಡಮ್ಮ ಕೊನೆಯವರೆಗೂ ಅವರನ್ನು ಚಿಕ್ಕವಳೇ ಎಂದೇ ಕರೆಯುತ್ತಿದ್ದರು.

"ನಾನು ಇಷ್ಟು ದಿನ ಇಬ್ಬರ ಗುಟ್ಟು ಇಟ್ಕೊಂಡು ಸುಸ್ತಾಗಿದೀನಿ," ಎಂದರು ಅವರು. "ಈಗ ಒಂದನ್ನಾದ್ರೂ ಇಳಿಸ್ತೀನಿ. ಮೇಡಂಗೆ ಗೊತ್ತಿತ್ತು."

ವಾರ್ತೆಯವರು ತಿರುಗಿ ನೋಡಿದರು.

ನಿರ್ದೇಶಕಿ ಬೆಂಚಿನ ತುದಿಗೆ ಕೂತು ಹೇಳಿದರು. ಶುರುವಿನಲ್ಲೇ ಒಂದು ಬುಧವಾರ ಸಮಿತಿಯ ಸಭೆ ರದ್ದಾಗಿತ್ತು. ಬೇಡಮ್ಮ ಲ್ಯಾಬಿಗೆ ಬಂದು ತಡಿಕೆಯ ಆಚೆ ಕೆಲಸ ಮಾಡುತ್ತಿದ್ದರು. ಈಚೆ ನರ್ಸು ಐವತ್ತೊಂದನೇ ರೋಗಿಗೆ ತೋಳು ಮಡಚಿಕೊಳ್ಳಿ ಎಂದಳು. ರೋಗಿ ಸರಿ ಎಂದ. ಅಷ್ಟೇ, ಒಂದೇ ಮಾತು. ಆಚೆ ಬೇಡಮ್ಮನ ಕೈಯಲ್ಲಿದ್ದ ಗಾಜಿನ ನಳಿಗೆ ನೆಲಕ್ಕೆ ಬಿದ್ದು ಪುಡಿಯಾಯಿತು. ರೋಗಿ ಹೋಗುವವರೆಗೆ ಅವರು ಚೂರುಗಳ ನಡುವೆ ಅಲ್ಲಾಡದೆ ನಿಂತಿದ್ದರು. ಆಮೇಲೆ ಚಿಕ್ಕವಳನ್ನು ಕರೆದು, ಈ ನಂಬರು ಇನ್ನು ಮೇಲೆ ನಿನ್ನದು, ಇದರ ಯಾವ ಫಲಿತಾಂಶವೂ ನನ್ನ ಕಣ್ಣಿಗೆ ಬೀಳಕೂಡದು, ಕೈಮೀರುವ ಹಾಗಿದ್ದರೆ ಮಾತ್ರ ಹೇಳು ಎಂದರು.

"ಮನೇಲಿ ಕೇಳಿಬಿಡಿ ಮೇಡಂ ಅಂದೆ ನಾನು," ಎಂದರು ನಿರ್ದೇಶಕಿ. "ಅದಕ್ಕವರು ಹೇಳಿದ್ರು, ಮನೇಲಿ ಗಂಡನಾಗಿ ಇರ್ಬೇಕು ಅಂತ ಆಸೆಪಟ್ಟಿದಾರೆ ಪಾಪ, ಅದಕ್ಕೂ ನಾನು ಬೇಡ ಅನ್ಲಾ ಅಂತ."

ಗಾಳಿ ಬೀಸಿತು. ಹೂವಿನ ಗಿಡ ನೋಡುತ್ತಿದ್ದವರು ಈಗ ಅದನ್ನು ನೋಡುವ ನಟನೆಯನ್ನೂ ಬಿಟ್ಟಿದ್ದರು.

"ಪ್ರತಿ ತಿಂಗಳು ಆ ಬುಧವಾರದ ಮರುದಿನ ಬೆಳಗ್ಗೆ ಬಂದು ಒಂದೇ ಮಾತು ಕೇಳೋರು. ಐವತ್ತೊಂದು ಬಂದಿದ್ರಾ ಅಂತ. ಬಂದಿದ್ರು ಮೇಡಂ ಅಂತಿದ್ದೆ. ಸರಿ ಅಂತ ಹೋಗಿ ಕೆಲಸಕ್ಕೆ ಕೂತ್ಕೊಳೋರು. ಮೊದಲ ಬಿಡುವಿನಲ್ಲಿ ಹಾರ್ಮೋನು ಮತ್ತೆ ಮೇಲೇರಿದ ತಿಂಗಳು ಮಾತ್ರ ನಾನು ತಡೆಯೋಕಾಗದೆ ನಕ್ಕುಬಿಟ್ಟೆ. ಅವರು ಏನೂ ಕೇಳ್ಲಿಲ್ಲ. ಸೀದಾ ಹೋಗಿ ರಜೆ ಅರ್ಜಿ ಬರೆದ್ರು."

ವಾರ್ತೆಯವರ ಭುಜ ಅಲುಗತೊಡಗಿತು. ಮಗಳು ಅಳುತ್ತಿದ್ದಾರೆಂದುಕೊಂಡು ಬೆನ್ನಿಗೆ ಕೈ ಹಾಕಿದಳು. ಅವರು ನಗುತ್ತಿದ್ದರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಆದರೆ ಅದು ನಗುವೇ.

"ಫ್ಯಾನು," ಎಂದರು. ಆಮೇಲೆ, "ಹೊದಿಕೆ," ಎಂದರು. "ಅವಳಿಗೆಲ್ಲಿಯ ಸೆಕೆ. ಚಳಿಗೆ ಮುದುಡಿ ಮಲಗ್ತಿದ್ಲು. ನಾನು ಎಂಥ ದಡ್ಡ."

"ವಾರ್ತಾ ಓದುಗರ ಸಭೆ ಹೇಗಾಯ್ತು ಅಂತ ಅಮ್ಮ ನಿಮ್ಮನ್ನ ಕೇಳ್ತಿರ್ಲಿಲ್ವಾ?" ಎಂದಳು ಮಗಳು, ಅವಳಿಗೂ ಬಾಯಿ ಅಲುಗುತ್ತಿತ್ತು.

"ಪ್ರತಿ ತಿಂಗಳು. ಎಲ್ಲರೂ ಹುಷಾರಾಗಿದಾರಾ ಅಂತ ಕೇಳೋಳು. ಎಲ್ಲರೂ ಹುಷಾರು ಅಂತಿದ್ದೆ."

ಬೇಕರಿಯವರು ಅಲ್ಲಿಂದಲೇ ಮೂಗು ಒರೆಸಿಕೊಂಡು, ನಾವೆಲ್ಲ ಹುಷಾರಾಗೇ ಇದ್ವಲ್ಲ ಎಂದರು. ಈಗ ಐವತ್ತೊಂದು ಮೂಗನಲ್ಲ ಎಂದು ಖಾತ್ರಿಯಾದ ಮೇಲೆ ಅವರಿಗೆ ಬಹಳ ಸಮಾಧಾನವಾದಂತಿತ್ತು. ನ್ಯಾಯಾಧೀಶರು ಮುಂದೆ ಬಂದು ವಾರ್ತೆಯವರ ಕೈ ಕುಲುಕಿದರು. ತಮ್ಮ ಮಟ್ಟಿಗೆ ಗುಟ್ಟು ಇನ್ನೂ ಗುಟ್ಟೇ, ತಾವು ಏನನ್ನೂ ಕೇಳಿಸಿಕೊಂಡಿಲ್ಲ ಎಂದು ತಿಳಿಸಿದರು.

ಗುಡ್ಡದ ಮೇಲೆ ಪೆಟ್ಟಿಗೆ ಇಳಿಸುವಾಗ ಯಾರಾದರೂ ಎರಡು ಮಾತಾಡಲಿ ಎಂದು ಸೋದರಮಾವ ಸೂಚಿಸಿದರು. ಎಲ್ಲರೂ ವಾರ್ತೆಯವರನ್ನು ನೋಡಿದರು. ಅವರು ಹಗ್ಗದ ಮೇಲೆ ಕೈಯಿಟ್ಟು, ನಲವತ್ತು ವರ್ಷ ಮನೆಮನೆಗೆ ಹೋಗುತ್ತಿದ್ದ ಆ ದುಂಡು ಧ್ವನಿಯಲ್ಲಿ, ಯಾವ ಮಫ್ಲರಿನ ಅಡ್ಡವೂ ಇಲ್ಲದೆ, ಎಲ್ಲರಿಗೂ ಕೇಳುವಂತೆ ಹೇಳಿದರು:

"ನಾನು ಇವಳ ಗಂಡ. ಇವಳ ಐವತ್ತೊಂದನೇ ರೋಗಿ ಕೂಡ. ಎರಡೂ ಕಡೆ ನನ್ನನ್ನ ಚೆನ್ನಾಗಿ ನೋಡ್ಕೊಂಡಿದಾಳೆ."

ಮುದುಕರ ಗುಂಪಿನಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ತಟ್ಟಬಹುದೋ ಇಲ್ಲವೋ ಎಂದು ಅನುಮಾನಿಸುತ್ತಿದ್ದ ಉಳಿದವರೂ ತಟ್ಟಿದರು. ಯಂತ್ರ ಮಾರುವವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ಸೋದರಮಾವ ಕೂಡ ಕೊನೆಗೆ ಎರಡು ಸಲ ತಟ್ಟಿ ಕೈ ಹಿಂದೆ ಕಟ್ಟಿಕೊಂಡರು. ಮಣ್ಣು ಬಿತ್ತು.

ಇಳಿಯುವಾಗ ಹೊತ್ತು ಇಳಿದಿತ್ತು. ಮಗಳು ಅಪ್ಪನ ತೋಳು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಈಗ ಬಿಡುವೋ ಇಂಜೆಕ್ಷನ್ನೋ ಎಂದು ಕೇಳಿದಳು. ಬಿಡುವು ಎಂದರು. ಮುಂದಿನ ಬುಧವಾರ ನಾನೂ ಬರುತ್ತೇನೆ ಎಂದಳು. ಬಾ ಎಂದರು. ಪಾಳುಬಿದ್ದ ಕಲ್ಲಿನ ಗೋಡೆಯೊಂದರ ಹತ್ತಿರ ಬಂದಾಗ ವಾರ್ತೆಯವರು ನಿಂತರು.

"ಮಗಳೇ, ನಾನು ಒಂದಕ್ಕೆ ಹೋಗ್ಬೇಕು," ಎಂದರು. "ಕೆಳಗೆ ಹೋಗೋವರೆಗೆ ತಡೆಯೋಕಾಗಲ್ಲ. ಸ್ವಲ್ಪ ಹೊತ್ತೂ ಹಿಡಿಯುತ್ತೆ."

ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟು ಗೋಡೆಯ ಹಿಂದೆ ಹೋದರು. ಮಗಳು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ದಾರಿಗೆ ಅಡ್ಡ ನಿಂತಳು. ಹಿಂದಿನಿಂದ ಬೇಕರಿಯವರು, ನ್ಯಾಯಾಧೀಶರು, ಉಳಿದವರೆಲ್ಲ ಇಳಿದು ಬರುತ್ತಿದ್ದರು. ಅವಳು ಏನೋ ಹೇಳಲು ಬಾಯಿ ತೆರೆದಳು. ಹೇಳಬೇಕಾಗಲಿಲ್ಲ. ಬೇಕರಿಯವರು ಗೋಡೆ ನೋಡಿದರು, ಅವಳ ಕೈಯಲ್ಲಿದ್ದ ಕೋಟು ನೋಡಿದರು, ಅಲ್ಲಿಯೇ ನಿಂತು ಗೋಡೆಗೆ ಬೆನ್ನು ತಿರುಗಿಸಿದರು. ಅವರ ಪಕ್ಕದಲ್ಲಿ ನ್ಯಾಯಾಧೀಶರು ಬೆನ್ನು ತಿರುಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಮುದುಕರೂ ದಾರಿಯ ಅಂಚಿನುದ್ದಕ್ಕೂ ಸಾಲಾಗಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕೆಳಗೆ ದೀಪ ಹತ್ತಿಕೊಳ್ಳುತ್ತಿದ್ದ ಊರನ್ನು ನೋಡುತ್ತ ಹವೆಯ ಬಗ್ಗೆ ಮಾತಾಡತೊಡಗಿದರು. ಯಾರೂ ಅವಸರ ಮಾಡಲಿಲ್ಲ.